ಗೊತ್ತಿದ್ದೇ ಹಾಕಿದ ಹಣ

ನನ್ನ ಹೆಸರು ಬಾಂಗ್ ಒಕ್‌ಸುನ್. ತಂದೆಯ ಹೆಸರು ದಿವಂಗತ ಬಾಂಗ್ ಚಾನ್‌ಗಿಲ್. ವಯಸ್ಸು 66 ವರ್ಷ. ಉದ್ಯೋಗ, ಅನ್ನದ ಜೊತೆ ನೆಂಚಿಕೊಳ್ಳುವ ಪಲ್ಯ, ತರಕಾರಿ ಹುಳಿಬರಿಸಿದ ಕಿಮ್ಚಿ, ಮೀನಿನ ಪದಾರ್ಥಗಳನ್ನು ಮಾಡಿ ಮಾರುವ ಅಂಗಡಿ. ವಾಸ, ಡೇಜಿಯಾನ್ ನಗರದ ಹಳೇ ಮಾರುಕಟ್ಟೆ, ಮೂರನೇ ಸಾಲು, ಮಳಿಗೆ 41ರ ಮೇಲ್ಮಹಡಿ. ಇಂದು 2025ನೇ ಜನವರಿ 21, ಮಂಗಳವಾರ, ಮಧ್ಯಾಹ್ನ 1-30ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ದೋ ಸೊನ್‌ಮಿ ಅವರ ಮೇಜಿನ ಮುಂದೆ ಕುಳಿತು ಈ ಮೂಲಕ ತಿಳಿಸುವುದೇನೆಂದರೆ:

ಬಾಗಿಲಲ್ಲಿದ್ದ ಪೇದೆಯವರು ಚೀಟಿಯಲ್ಲಿ "ಕಾಯಿನ್ ಹೂಡಿಕೆ, ಹಣ ಕಳೆದುಕೊಂಡ ಮುದುಕಿ" ಎಂದು ಬರೆದಿದ್ದಾರೆ. ಮುದುಕಿ ಎಂಬುದು ನಿಜ. ಹಣ ಹೋಗಿರುವುದೂ ನಿಜ. ಆದರೆ ನಾನು ಹಣ ಕೇಳಲು ಬಂದಿಲ್ಲ. ಮಿನ್‌ಗ್ಯು ಎಂಬ 26 ವರ್ಷದ ಹುಡುಗ ಹೊರದೇಶದಲ್ಲಿ ಒಂದು ಕಟ್ಟಡದೊಳಗೆ ಸಿಕ್ಕಿಹಾಕಿಕೊಂಡಿದ್ದಾನೆ. ಅವನನ್ನು ಹುಡುಕಿ ಮನೆಗೆ ಕರೆತರಬೇಕೆಂದು ಬಂದಿದ್ದೇನೆ. ನನ್ನ ಜೊತೆ ಅವನ ತಾಯಿ ಗಿಲ್ ಸುನ್‌ಇಮ್ ಬಂದಿದ್ದಾರೆ. ಈಗ ಪಕ್ಕದ ಕುರ್ಚಿಯಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದಾರೆ. ಫೋನಿನಲ್ಲಿ ಆಡಿದ ಮಾತುಗಳ ಸಾರಾಂಶ ಸಾಕೆಂದು ದೋ ಅವರು ಹೇಳಿದರು. ಸಾರಾಂಶದಲ್ಲಿ ಹುಡುಗ ಎಲ್ಲಿ ಕಾಣುತ್ತಾನೆ? ಆಡಿದ್ದನ್ನು ಆಡಿದ ಹಾಗೆಯೇ ಬರೆಯಬೇಕೆಂದು ಹಟ ಹಿಡಿದೆ. ಅವರು ಒಪ್ಪಿದರು.

ಕಳೆದ ಆಗಸ್ಟ್ ಕೊನೆಯಲ್ಲಿ ನಮ್ಮ ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಬಿಟ್‌ಕಾಯಿನ್ ಎಂಬ ಒಂದೇ ಮಾತಿತ್ತು. ನನ್ನ ಅಂಗಡಿಯಿಂದ ಎದುರಿಗೆ ಆರು ಹೆಜ್ಜೆ ದೂರದಲ್ಲಿ ಒಣಮೀನು ಮಾರುವ ಮಾ ಡೊಕ್‌ಚಿಲ್ ದಿನಾ ನನ್ನನ್ನು ಕೆಣಕುತ್ತಿದ್ದ. "ಒಕ್‌ಸುನ್, ನೀನು ಆ ಪೋಸ್ಟಾಫೀಸ್ ಪುಸ್ತಕ ತಬ್ಕೊಂಡೇ ಇರು. ನನ್ನ ಅಳಿಯ ಕಾಯಿನ್‌ನಲ್ಲಿ ಕಾರೇ ತಗೊಂಡ." "ಆ ಕಾರಲ್ಲಿ ನಿನ್ನನ್ನ ಒಂದ್ಸಲನಾದ್ರೂ ಕೂರಿಸ್ಕೊಂಡ್ನಾ?" ಎಂದು ಕೇಳಿದೆ. ಆ ದಿನ ಸಂಜೆಯವರೆಗೆ ಅವನು ನನ್ನ ಜೊತೆ ಮಾತಾಡಲಿಲ್ಲ.

ನನಗೆ ಎಡಗಡೆಯ ಎರಡು ದವಡೆ ಹಲ್ಲು ಹೋಗಿವೆ. ಹೊಸದು ಕೂರಿಸಲು ಡಾಕ್ಟರು ಹೇಳಿದ ಮೊತ್ತ ಕೇಳಿ ಉಳಿದ ಹಲ್ಲೂ ಅಲ್ಲಾಡಿದವು. ಅದಕ್ಕೆ ಕಾಯಿನ್ ಎಂದರೆ ಏನೆಂದು ನೋಡೋಣ ಎನಿಸಿತು. ಹೊಸ ಬಗೆಯ ಕಿಮ್ಚಿ ಮಾಡುವಾಗ ನಾನು ಮೊದಲು ಒಂದು ಸಣ್ಣ ಡಬ್ಬಿಯಷ್ಟು ಮಾತ್ರ ಮಾಡುತ್ತೇನೆ. ಕೆಟ್ಟರೆ ಒಂದು ಎಲೆಕೋಸು ಹೋಯಿತು, ಅಷ್ಟೇ. ಇದನ್ನೂ ಹಾಗೆಯೇ ಮಾಡಬೇಕೆಂದುಕೊಂಡೆ. ಸೆಪ್ಟೆಂಬರ್ 2ರಂದು ಬ್ಯಾಂಕಿಗೆ ಹೋದೆ. ಅಲ್ಲಿನ ಹುಡುಗಿ ಯಾರಾದರೂ ಫೋನ್ ಮಾಡಿ ಹಣ ಹಾಕಲು ಹೇಳಿದ್ದಾರೆಯೇ ಎಂದು ಮೂರು ಸಲ ಕೇಳಿ, ಎಚ್ಚರಿಕೆಯ ಕಾಗದಕ್ಕೆ ಸಹಿ ಮಾಡಿಸಿಕೊಂಡು, ಖಾತೆ ಜೋಡಿಸಿಕೊಟ್ಟಳು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕನಿಷ್ಠ ಐದು ಸಾವಿರ ವಾನ್‌ಗೆ ಕೊಳ್ಳಬೇಕು ಎಂದಳು. ಗರಿಷ್ಠವೂ ಅಷ್ಟೇ ಎಂದು ನಾನು ಹೇಳಿದೆ.

ಮರುದಿನ ಬೆಳಿಗ್ಗೆ ಅದು 5,040 ಆಗಿತ್ತು. ನಲವತ್ತು ವಾನ್ ಲಾಭಕ್ಕೆ ನಾನು ದಿನವಿಡೀ ಬೊಚ್ಚುಬಾಯಿ ಬಿಟ್ಟುಕೊಂಡು ನಗುತ್ತಿದ್ದೆ ಎಂದು ಮಾ ಡೊಕ್‌ಚಿಲ್ ಬೇಕಾದರೆ ಸಾಕ್ಷಿ ಹೇಳುತ್ತಾನೆ. ಮೂರನೇ ದಿನ 4,870 ಆಯಿತು. ಅಂದು ಸೋಯಾ ಸಾಸ್‌ನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಆ ಐದು ಸಾವಿರ ಈಗಲೂ ಅಲ್ಲೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ.

ಇದನ್ನು ಕಲಿಯಬೇಕೆಂದು ಸೆಪ್ಟೆಂಬರ್ 9ರಂದು ಫೋನಿನಲ್ಲಿ "ಕಾಯಿನ್ ಮೊದಲ ಪಾಠ, ಉಚಿತ" ಎಂಬ ಗುಂಪಿಗೆ ಸೇರಿದೆ. ಅದೇ ದಿನ ಮಧ್ಯಾಹ್ನ 3-02ಕ್ಕೆ ಒಂದು ಕರೆ ಬಂತು. ಮೂರು ಗಂಟೆ ನಮ್ಮ ಮಾರುಕಟ್ಟೆಯಲ್ಲಿ ಗಿರಾಕಿಗಳಿಲ್ಲದ ಹೊತ್ತು. ಕರೆ ಮಾಡಿದವನು ಯೊಮ್ ಮಿನ್‌ಗ್ಯು. ಆಗ ಅವನು ಹೇಳಿಕೊಂಡ ಹೆಸರು ಮ್ಯಾನೇಜರ್ ಕಾಂಗ್. ತಮ್ಮ ಕಂಪನಿಯ ಆ್ಯಪ್‌ಗೆ ಹಣ ಹಾಕಿದರೆ ತಾನೇ ಕೈಹಿಡಿದು ಕಲಿಸುವುದಾಗಿ ಹೇಳಿದ.

"ಮೇಡಂ, ಮೂವತ್ತು ಲಕ್ಷ ವಾನ್‌ನಿಂದ ಶುರು ಮಾಡಿದ್ರೆ ಒಳ್ಳೇದು."

"ಐದು ಸಾವಿರ ಹಾಕ್ತೀನಿ."

"ಐದು ಲಕ್ಷನಾ ಮೇಡಂ?"

"ಐದು ಸಾವಿರ. ನನ್ನ ಅಂಗಡೀಲಿ ಅಷ್ಟಕ್ಕೆ ಒಂದು ಡಬ್ಬಿ ಕಮಲದ ಬೇರಿನ ಪಲ್ಯ ಬರುತ್ತೆ. ಅದನ್ನ ಮಾಡೋಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತೇನಪ್ಪಾ ನಿನಗೆ?"

ಯೊಮ್ ಮಿನ್‌ಗ್ಯು ಸರಿ ಮೇಡಂ ಎಂದ. ಅಂದು ನಾನು ಅವನಿಗೆ ಮೂವತ್ತೊಂದು ಪ್ರಶ್ನೆ ಕೇಳಿದೆ. ಯಾವ ಗುಂಡಿ ಒತ್ತಬೇಕು, ಒತ್ತಿದ ಮೇಲೆ ಏನಾಗುತ್ತದೆ, ಕೆಂಪು ಅಂಕಿ ಎಂದರೆ ಏರಿದ್ದೋ ಇಳಿದದ್ದೋ, ವಿದ್ಯುತ್ ಹೋದರೆ ಕಾಯಿನ್ ಎಲ್ಲಿರುತ್ತದೆ, ಹೀಗೆ. ಮತ್ತೆ ಕೇಳಿ ಅಭ್ಯಾಸ ಮಾಡಲೆಂದು ಎಲ್ಲ ಕರೆಗಳನ್ನೂ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೇನೆ. ನಿನ್ನೆಯವರೆಗೆ ಒಟ್ಟು 83 ಕರೆಗಳಿವೆ. ಅವುಗಳ ಪ್ರತಿಯನ್ನು ಠಾಣೆಗೆ ಒಪ್ಪಿಸುತ್ತಿದ್ದೇನೆ.

ವಾರದ ನಂತರ ಆ್ಯಪ್‌ನಲ್ಲಿ ನನ್ನ ಐದು ಸಾವಿರ 5,600 ಆಗಿತ್ತು. ನಂಬಿಕೆ ಬರದೆ ಪೂರ್ತಿ ವಾಪಸ್ ಕೇಳಿದೆ. ಎರಡು ನಿಮಿಷದಲ್ಲಿ ಖಾತೆಗೆ ಬಂತು. ಆಮೇಲೆ ಹತ್ತು ಸಾವಿರ ಹಾಕಿದೆ, ಮತ್ತೆ ಐದು, ಮತ್ತೆ ಹತ್ತು. ನವೆಂಬರ್ ಹನ್ನೆರಡರವರೆಗೆ ನಾನು ಹಾಕಿದ್ದು ಒಟ್ಟು 85,000 ವಾನ್. ಇಷ್ಟು ಕಡಿಮೆ ಹಣಕ್ಕೆ ಯೊಮ್ ಮಿನ್‌ಗ್ಯು ಪ್ರತಿದಿನ ಅರ್ಧ ಗಂಟೆ ಗಂಟಲು ಹರಿದುಕೊಳ್ಳುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ನನ್ನ ನಂಬರನ್ನು ಕಿತ್ತುಹಾಕುತ್ತಿದ್ದರು. ಅವನು ಯಾಕೆ ಬಿಡಲಿಲ್ಲ ಎಂದು ದೋ ಅವರು ಕೇಳಿದರು. ನಾನು ತಿಳಿದುಕೊಂಡಂತೆ ಕಾರಣ ಹೀಗಿದೆ.

ಫೋನ್ ಇಡುವ ಮೊದಲು ಊಟ ಆಯಿತೇ ಎಂದು ಕೇಳುವುದು ನಮ್ಮಲ್ಲಿ ರೂಢಿ. ಆಗಿರಲಿ ಬಿಡಲಿ, ಎಲ್ಲರೂ ಆಯಿತು ಎನ್ನುತ್ತಾರೆ. ಮೊದಲ ಹದಿನಾಲ್ಕು ಕರೆಗಳಲ್ಲಿ ಅವನೂ ಹಾಗೆಯೇ ಅಂದಿದ್ದ. ಅಕ್ಟೋಬರ್ 2ರ ಹದಿನೈದನೇ ಕರೆಯಲ್ಲಿ ಮಾತ್ರ ಬೇರೆ ಉತ್ತರ ಬಂತು. "ಅನ್ನ ಇತ್ತು ಮೇಡಂ. ನೆಂಚ್ಕೊಳ್ಳೋಕೆ ಏನೂ ಇರ್ಲಿಲ್ಲ. ನೀರು ಹಾಕ್ಕೊಂಡು ತಿಂದೆ." ನಲವತ್ತು ವರ್ಷ ನೆಂಚಿಕೊಳ್ಳುವುದನ್ನೇ ಮಾಡಿ ಬದುಕಿದವಳು ನಾನು. ಆಗ ಅವನೇ, "ಇವತ್ತು ಏನೇನ್ ಮಾಡಿದೀರಿ?" ಎಂದು ಕೇಳಿದ. ಕರಿದ ಹುರುಳಿಕಾಯಿ, ಬೆಳ್ಳುಳ್ಳಿ ಚಿಗುರು, ಸೋಯಾ ಸಾಸ್‌ನಲ್ಲಿ ಬೇಯಿಸಿದ ಕ್ವೇಲ್ ಹಕ್ಕಿಯ ಮೊಟ್ಟೆ, ಮೂಲಂಗಿ ಕಿಮ್ಚಿ, ಒಣ ಸೀಗಡಿ ಹುರಿದದ್ದು ಎಂದು ಹೇಳಿದೆ. "ಸೀಗಡಿಗೆ ಜೇನು ಹಾಕ್ತೀರಾ, ಅಕ್ಕಿ ಪಾಕ ಹಾಕ್ತೀರಾ?" ಎಂದ. ಅಕ್ಕಿ ಪಾಕ ಎಂದೆ. "ಹಾಗಾದ್ರೆ ಅಂಟುತ್ತೆ, ಚೆನ್ನಾಗಿರುತ್ತೆ" ಎಂದು ಫೋನಿಟ್ಟ.

ಅಂದಿನಿಂದ ಪ್ರತಿ ಕರೆಯೂ ಅಂದಿನ ಅಡುಗೆಯ ಪಟ್ಟಿ ಓದುವುದರೊಂದಿಗೆ ಮುಗಿಯುತ್ತಿತ್ತು. ಹೂಡಿಕೆದಾರರ ಜೊತೆ ಸಲಿಗೆ ಬೆಳೆಸಲು ಅವರ ಕಂಪನಿಯೇ ಹೇಳಿತ್ತಂತೆ, ಹಾಗಾಗಿ ಮೇಲಿನವರು ತಡೆಯಲಿಲ್ಲ. ಮೇಡಂ ಎನ್ನುತ್ತಿದ್ದವನು ಯಾವಾಗಲೋ ಚಿಕ್ಕಮ್ಮ ಎನ್ನತೊಡಗಿದ. ಮಾರುಕಟ್ಟೆಯಲ್ಲಿ ಎಲ್ಲ ಗಿರಾಕಿಗಳೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಆದರೂ ಇವನು ಕರೆದಾಗ ನಾನು ಪ್ರತಿಸಲ ತಿರುಗಿ ನೋಡುತ್ತಿದ್ದೆ, ಫೋನ್ ಕೈಯಲ್ಲೇ ಇದ್ದರೂ.

ನವೆಂಬರ್ 12, ಮಂಗಳವಾರ, ಕರೆ 3-05ಕ್ಕೆ ಬಂತು. ಯೊಮ್ ಮಿನ್‌ಗ್ಯು ಅಂದು ಕಾಗದ ನೋಡಿ ಓದುವವನಂತೆ ಮಾತಾಡಿದ. ಹೊಸ ಕಾಯಿನ್ ಬರಲಿದೆ, ಇಂದೇ ಮೂವತ್ತು ಲಕ್ಷ ಹಾಕಬೇಕು, ನಾಳೆಗೆ ಬಾಗಿಲು ಮುಚ್ಚುತ್ತದೆ ಎಂದ. ನಾನು ಕನ್ನಡಕ ಹಾಕಿಕೊಂಡು ಯಾವ ಗುಂಡಿ ಎಂದು ಕೇಳತೊಡಗಿದೆ. ಅಷ್ಟು ಹಣ ಹಾಕುವ ಮನಸ್ಸು ನನಗಿರಲಿಲ್ಲ. ಆದರೆ ಹುಡುಗ ಅಷ್ಟು ಕಷ್ಟಪಟ್ಟು ಹೇಳುತ್ತಿರುವಾಗ ಮುಖಕ್ಕೆ ಹೊಡೆದಂತೆ ಬೇಡ ಎನ್ನಲು ಬಾಯಿ ಬರಲಿಲ್ಲ. ನಲವತ್ತು ನಿಮಿಷವಾದ ಮೇಲೆ ಆ ಕಡೆ ಕುರ್ಚಿ ಸರಿದು ಯಾರೋ ಎದ್ದು ಹೋದ ಸದ್ದಾಯಿತು. ಅವನ ದನಿ ಇಳಿಯಿತು.

"ಚಿಕ್ಕಮ್ಮ, ಹಾಕ್ಬೇಡಿ."

"ಏನನ್ನ?"

"ದುಡ್ಡನ್ನ. ಒಂದು ವಾನೂ ಹಾಕ್ಬೇಡಿ. ಆ್ಯಪ್‌ನಲ್ಲಿ ಕಾಣೋದೆಲ್ಲ ನಾವೇ ಬರೆಯೋ ಅಂಕಿ. ಹಾಕಿದ್ದು ವಾಪಸ್ ಬರಲ್ಲ."

"ನೀನ್ಯಾಕಪ್ಪಾ ಇಂಥದ್ರಲ್ಲಿದೀಯ?"

ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಒಳ್ಳೆಯ ಸಂಬಳ ಎಂಬ ಜಾಹೀರಾತು ನಂಬಿ ಏಪ್ರಿಲ್‌ನಲ್ಲಿ ಬಂದದ್ದಾಗಿಯೂ, ಇಳಿದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡರೆಂದೂ, ಗೋಡೆಯ ಮೇಲೆ ಮುಳ್ಳುತಂತಿ ಇದೆಯೆಂದೂ, ವಾರಕ್ಕಿಷ್ಟು ಹಣ ತರಿಸಲೇಬೇಕೆಂದೂ ಅವಸರದಲ್ಲಿ ಹೇಳಿದ. ದೇಶದ ಹೆಸರು ಹೇಳಲಿಲ್ಲ, ತುಂಬ ಸೆಕೆ ಎಂದಷ್ಟೇ ಹೇಳಿದ. ಅಷ್ಟು ಬರದಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದೆ. "ಬಿಸಿಲಲ್ಲಿ ನಿಲ್ಲಿಸ್ತಾರೆ. ಆಮೇಲೆ ಹೊಡೀತಾರೆ" ಎಂದ. ಹೆಸರು ಹೇಳು, ಮನೆಗೆ ತಿಳಿಸುತ್ತೇನೆ ಎಂದೆ. "ಬೇಡ ಚಿಕ್ಕಮ್ಮ. ನಾನು ಹಡಗಲ್ಲಿ ಕೆಲಸ ಮಾಡ್ತಿದೀನಿ ಅಂತ ಅಮ್ಮ ಅಂದ್ಕೊಂಡಿದಾಳೆ. ಹಾಗೇ ಇರ್ಲಿ." ಕರೆ ಕಡಿಯಿತು. ರೆಕಾರ್ಡಿನಲ್ಲಿ ಈ ಭಾಗ 2 ನಿಮಿಷ 50 ಸೆಕೆಂಡು ಇದೆ.

ಮರುದಿನ ಮೂರು ಗಂಟೆಗೆ ಯೊಮ್ ಮಿನ್‌ಗ್ಯು ಏನೂ ಆಗದವನಂತೆ ಮೇಡಂ ಎಂದು ಶುರುಮಾಡಿದ. ಪಕ್ಕದಲ್ಲಿ ಯಾರೋ ಕೆಮ್ಮುತ್ತಿದ್ದರು. ನಾನೂ ಏನೂ ತಿಳಿಯದವಳಂತೆ, ವಾರಕ್ಕೆ ಎಷ್ಟು ಹಾಕಿದರೆ ಚೆನ್ನಾಗಿರುತ್ತದೆ ಎಂದು ಕೇಳಿದೆ. ಒಂದು ಲಕ್ಷ ಎಂದ. ನವೆಂಬರ್ 15ರಿಂದ ಈ ಜನವರಿ 17ರವರೆಗೆ ಹತ್ತು ಶುಕ್ರವಾರ, ವಾರಕ್ಕೆ ಒಂದು ಲಕ್ಷದಂತೆ ಹತ್ತು ಲಕ್ಷ ವಾನ್ ಹಾಕಿದ್ದೇನೆ. ಮೋಸ ಎಂದು ತಿಳಿದ ಮೇಲೂ ಹಾಕಿದಿರಾ ಎಂದು ದೋ ಅವರು ಕೇಳಿದರು. ಹೌದು, ತಿಳಿದೇ ಹಾಕಿದೆ. ಹಲ್ಲಿಗೆಂದು ಇಟ್ಟ ಹಣ ಅದು. ಆ ಶುಕ್ರವಾರ ಅವನು ಬಿಸಿಲಲ್ಲಿ ನಿಲ್ಲುವುದಿಲ್ಲ ಎಂದುಕೊಂಡರೆ ನನಗೆ ಶನಿವಾರ ಒಂದು ತುತ್ತು ಹೆಚ್ಚು ಸೇರುತ್ತಿತ್ತು. ಮೋಸ ಹೋದೆ ಎಂದು ಬರೆಯಬೇಡಿ, ನಾನು ಮೋಸ ಹೋಗಿಲ್ಲ.

ಆ ಹಣ ದುಷ್ಟರ ಕೈಸೇರಿ ಇನ್ನೊಬ್ಬರಿಗೆ ಬಲೆಯಾಗುತ್ತದೆ, ನವೆಂಬರ್‌ನಲ್ಲೇ ಯಾಕೆ ಬರಲಿಲ್ಲ ಎಂದು ಅವರು ಕೇಳಿದರು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಹೆಸರಿಲ್ಲ, ಊರಿಲ್ಲ. ನೀವು ಆ ನಂಬರನ್ನು ಮುಚ್ಚಿಸಿಬಿಟ್ಟರೆ ಅವನ ದನಿಯೂ ಹೋಗುತ್ತದೆ ಎಂಬ ಹೆದರಿಕೆ ನನಗಿತ್ತು. ಅದಕ್ಕೆ ಮೊದಲು ಅವನು ಯಾರೆಂದು ತಿಳಿಯಬೇಕಿತ್ತು.

ತಿಳಿದದ್ದು ಹೀಗೆ. ಡಿಸೆಂಬರ್ 11ರಂದು ಬೆಳಿಗ್ಗೆಯಿಂದ ಹಿಮ ಬಿದ್ದಿತ್ತು. ಪಟ್ಟಿ ಓದಿ ಮುಗಿಸಿದಾಗ ಯೊಮ್ ಮಿನ್‌ಗ್ಯು ಕೇಳಿದ.

"ಚಿಕ್ಕಮ್ಮ, ಅಲ್ಲಿ ಹಿಮ ಬಿತ್ತಾ?"

"ಬಿತ್ತು. ಅಂಗಡಿ ಮುಂದೆ ನಾಲ್ಕು ಬೆರಳಷ್ಟು."

"ಮೀನಿನ ಚರ್ಮದ ಜೆಲ್ಲಿ ಮಾಡಲ್ವಾ ನೀವು? ಚರ್ಮ ಒಣಗಿಸಿಟ್ಕೊಂಡು ಬೇಯಿಸಿ, ಸೋಸಿ, ತಟ್ಟೇಲಿ ಹಾಕಿ ಹೊರಗಿಡೋದು. ಬೆಳಗ್ಗೆ ಹೊತ್ಗೆ ಗಟ್ಟಿಯಾಗಿರುತ್ತೆ. ತಟ್ಟೆ ಮುಟ್ಟಿದ್ರೆ ನಡುಗುತ್ತೆ."

"ನಾನು ಕಂಡೇ ಇಲ್ಲ ಕಣಪ್ಪಾ. ಬೇಸಿಗೇಲಿ ಮಾಡೋಕಾಗುತ್ತಾ?"

"ಇಲ್ಲ, ಸೆಕೆಗೆ ಕರಗಿಹೋಗುತ್ತೆ. ಚಾಕೂಲಿ ಕುಯ್ದ್ರೆ ಒಡೆಯುತ್ತೆ ಅಂತ ಅಮ್ಮ ದಾರದಲ್ಲಿ ಕುಯ್ತಾಳೆ. ದಾರದ ಒಂದು ತುದಿ ಹಲ್ಲಲ್ಲಿ ಕಚ್ಕೊಂಡು. ಸುತ್ತ ಉಳಿಯೋ ಅಂಚೆಲ್ಲ ನಂಗೆ."

ಅಷ್ಟರಲ್ಲಿ ಆ ಕಡೆ ಯಾರೋ ಗದರಿದರು. ಅವನು ಮತ್ತೆ ಕಾಯಿನ್ ಬೆಲೆಗೆ ಹೋದ. ನಾನು ಫೋನಿಟ್ಟು ಆರು ಹೆಜ್ಜೆ ದಾಟಿ ಮಾ ಡೊಕ್‌ಚಿಲ್‌ನ ಬಳಿ ಹೋಗಿ ಆ ಜೆಲ್ಲಿಯ ವಿಷಯ ಹೇಳಿದೆ. "ಅದು ಬಾಕ್ದೆ ಅನ್ನೋ ಚಪ್ಪಟೆ ಮೀನಿಂದು" ಎಂದ ಅವನು. "ಜಾಂಗ್‌ಹಾಂಗ್ ಬಂದರಿನ ಸುತ್ತಮುತ್ತಲಿನೋರು ತಿನ್ನೋದು. ನಿನ್ನಂಥ ಗುಡ್ಡದೂರಿನೋಳಿಗೆ ಹೇಗೆ ಗೊತ್ತಾಗ್ಬೇಕು? ಯಾಕೆ, ಅಂಗಡೀಲಿ ಇಡ್ತೀಯಾ?" ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ನನ್ನನ್ನು ಹುಚ್ಚಿ ಎಂದು ಬೈದ. ಮೊದಲೇ ಹೇಳಲಿಲ್ಲವೆಂದು ಇನ್ನೂ ಬೈದ. ಆಮೇಲೆ ತನಗೆ ಮೀನು ಕಳಿಸುವ ವ್ಯಾಪಾರಿಗಳಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಹಚ್ಚಿದ. ಒಂದು ತಿಂಗಳ ಮೇಲೆ, ಜನವರಿ 16ರಂದು, ತಕ್ಕಡಿಯನ್ನು ಹಾಗೇ ಬಿಟ್ಟು ನನ್ನ ಅಂಗಡಿಗೆ ಓಡಿಬಂದ. "ಜಾಂಗ್‌ಹಾಂಗ್ ಮೀನು ಪೇಟೇಲಿ ಆ ಜೆಲ್ಲಿ ಮಾರೋರು ನಾಲ್ಕು ಜನ ಇದಾರೆ. ಮೂರು ಜನ ಚಾಕು. ಒಬ್ಳು ಮಾತ್ರ ದಾರ."

ಜನವರಿ 19, ಭಾನುವಾರ, ಬೆಳಿಗ್ಗೆ 7-50ರ ಬಸ್ಸು ಹತ್ತಿ ಎರಡು ಗಂಟೆಯ ಮೇಲೆ ಜಾಂಗ್‌ಹಾಂಗ್‌ನಲ್ಲಿ ಇಳಿದೆ. ನಿಲ್ದಾಣದಿಂದ ಪೇಟೆಗೆ ಸುಮಾರು 400 ಮೀಟರ್, ಮಂಜುಗಡ್ಡೆ ಕಟ್ಟಿದ ದಾರಿ, 20 ನಿಮಿಷ ನಡೆದೆ. ಸಾಲಿನ ಕೊನೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಈಗ ಪಕ್ಕದಲ್ಲಿ ಕೂತಿರುವ ಗಿಲ್ ಸುನ್‌ಇಮ್, ವಯಸ್ಸು 57, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಜೆಲ್ಲಿ ಕುಯ್ಯುತ್ತಿದ್ದರು. ಎರಡು ಹೋಳು ಕೊಂಡೆ. ಅಂಚು ಮಾರುತ್ತೀರಾ ಎಂದು ಕೇಳಿದೆ. ಅಂಚು ಮಾರುವುದಿಲ್ಲ ಎಂದರು.

"ನಿಮ್ಮ ಮಗ ಹೊರದೇಶದಲ್ಲಿದಾನಾ?"

"ಹಡಗಿನ ಕೆಲಸ. ಚೆನ್ನಾಗಿದಾನೆ. ತಿಂಗಳಿಗೊಂದ್ಸಲ ಮೆಸೇಜ್ ಮಾಡ್ತಾನೆ. ನೀವ್ಯಾರು?"

ಫೋನ್ ತೆಗೆದು ಡಿಸೆಂಬರ್ 11ರ ಕರೆಯನ್ನು ಹಾಕಿದೆ. ಇಪ್ಪತ್ತು ಸೆಕೆಂಡು ಕೇಳಿ, "ಸಾಕು, ನಿಲ್ಸಿ. ಗಿರಾಕಿ ಬರೋ ಹೊತ್ತು" ಎಂದರು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವರು ಮತ್ತೆ ದಾರ ಕಚ್ಚಿಕೊಂಡು ತಟ್ಟೆಯಲ್ಲಿದ್ದ ಜೆಲ್ಲಿ ಪೂರ್ತಿ ಕುಯ್ದರು. ನಾನು ಎಣಿಸಿದೆ, 48 ಹೋಳು. ಕುಯ್ಯುವುದಕ್ಕೆ ಏನೂ ಉಳಿಯದಿದ್ದಾಗ ಕೈ ಒರೆಸಿಕೊಂಡು ಕೇಳಿದರು.

"ತೆಳ್ಳಗಾಗಿದಾನಾ?"

"ನಾನು ನೋಡಿಲ್ಲಮ್ಮ. ದನಿ ಮಾತ್ರ ಕೇಳಿರೋದು."

"ದನಿ ತೆಳ್ಳಗಾಗಿದೆ" ಎಂದರು.

ಅಲ್ಲಿ ನನಗೆ ಹುಡುಗನ ಹೆಸರು ತಿಳಿಯಿತು. ಮಗ ಹೇಳಿದ ಹೆಸರಿನ ಹಡಗೇ ಇಲ್ಲ ಎಂದು ಬಂದರಿನವರು ಅವರಿಗೆ ಬೇಸಿಗೆಯಲ್ಲೇ ಹೇಳಿದ್ದರಂತೆ. ಆದರೂ ದೂರು ಕೊಟ್ಟಿರಲಿಲ್ಲ. ಮೋಸದ ಕೆಲಸದಲ್ಲಿದ್ದರೆ ಪೊಲೀಸರು ಹಿಡಿದು ಜೈಲಿಗೆ ಹಾಕುತ್ತಾರೆ, ತಾನೇ ಕೈಯಾರೆ ಮಗನನ್ನು ಹಿಡಿದುಕೊಟ್ಟಂತೆ ಆಗುತ್ತದೆ ಎಂದರು. ನಾನು ಆ ಮಾತನ್ನು ಅಲ್ಲಗಳೆಯಲಿಲ್ಲ. ಯೊಮ್ ಮಿನ್‌ಗ್ಯು ಬೇರೆ ಯಾರಿಗಾದರೂ ಮೋಸ ಮಾಡಿರಬಹುದು, ನನ್ನಂತೆ ಐದು ಸಾವಿರದಲ್ಲಿ ನಿಲ್ಲದೆ ಮೂವತ್ತು ಲಕ್ಷ ಹಾಕಿದವರೂ ಇರಬಹುದು. ಅವರ ಕಣ್ಣೀರೂ ಕಣ್ಣೀರೇ. ನಾನು ಹೇಳಿದ್ದು ಇಷ್ಟು: "ಹಾಕ್ಲಿ ಬಿಡಮ್ಮ. ಇಲ್ಲಿಯ ಜೈಲಿಗೆ ಬಸ್ಸಲ್ಲಿ ಹೋಗ್ಬಹುದು. ಗಾಜಿನ ಆಚೆ ಕೂತಿರೋ ಮುಖನಾದ್ರೂ ನೋಡ್ಬಹುದು." ನಾನು 1-10ರ ಬಸ್ಸಿಗೆ ವಾಪಸಾದೆ. ನಿನ್ನೆ ಸಂಜೆ 6-40ಕ್ಕೆ ಅವರ ಫೋನ್ ಬಂತು. "ನಾಳೆ ಬರ್ತೀನಿ. ಯಾವ ಬಸ್ಸು ಹೇಳಿ" ಎಂದರು.

ಇಂದಿನ ಸಂಗತಿ. ಮೂರು ಗಂಟೆಗೆ ಕರೆ ಬರುತ್ತದೆ, ಆಗ ಇಲ್ಲೇ ಇರಬೇಕೆಂದೇ ಒಂದೂವರೆಗೆ ಬಂದೆ. ದೋ ಅವರು ತಾಯಿ ಬಾಯಿ ಬಿಡಬಾರದು, ದನಿ ಆ ಕಡೆಯವರ ಕಿವಿಗೆ ಬಿದ್ದರೆ ಹುಡುಗನ ಜೀವಕ್ಕೇ ಅಪಾಯ ಎಂದರು. ತಾಯಿ ತಲೆಯಾಡಿಸಿ ಕತ್ತಿನ ಮಫ್ಲರನ್ನು ಮಡಚಿ ಬಾಯಿಗೆ ತುರುಕಿಕೊಂಡರು. 3-04ಕ್ಕೆ ಫೋನ್ ಬಡಿದುಕೊಂಡಿತು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

"ಮೇಡಂ, ಇವತ್ತು ಮಾರುಕಟ್ಟೆ ಚೆನ್ನಾಗಿದೆ."

"ಯಾವ ಮಾರುಕಟ್ಟೆನಪ್ಪಾ? ನಮ್ದು ಖಾಲಿ ಹೊಡೀತಿದೆ."

"ಕಾಯಿನ್ ಮಾರುಕಟ್ಟೆ ಮೇಡಂ. ಆ್ಯಪ್ ತೆಗೀರಿ. ಮೇಲೆ ಎಡಗಡೆ ಮೂರು ಗೆರೆ ಇದೆಯಲ್ಲ."

"ಕಾಣ್ತಿಲ್ಲ. ನಿಧಾನವಾಗಿ ಹೇಳು. ಮೊದಲಿಂದ ಹೇಳು."

ಯೊಮ್ ಮಿನ್‌ಗ್ಯು ಮೊದಲಿಂದ ಹೇಳಿದ. ನಾನು ಅರ್ಥವಾಗಲಿಲ್ಲ ಎಂದೆ. ಮತ್ತೆ ಹೇಳಿದ. ನನಗೆ ಆ ಗುಂಡಿಗಳೆಲ್ಲ ಈಗ ಕಣ್ಣು ಮುಚ್ಚಿ ಒತ್ತುವಷ್ಟು ಗೊತ್ತು. ಆದರೂ ನಾಲ್ಕು ಸಲ ಮೊದಲಿಂದ ಹೇಳಿಸಿದೆ. ತಾಯಿ ಮೇಜಿಗೆ ಬಾಗಿ ಫೋನಿಗೆ ಒಂದು ಗೇಣು ಹತ್ತಿರ ಕಿವಿಯಿಟ್ಟು ಕಣ್ಣುಮುಚ್ಚಿ ಕೇಳುತ್ತಿದ್ದರು. ದೋ ಅವರು ಬರೆಯುವುದನ್ನು ನಿಲ್ಲಿಸಿದ್ದರು. ನಡುವೆ ಯೊಮ್ ಮಿನ್‌ಗ್ಯು ಎರಡು ಸಲ ಸೀನಿದ. ಕೊನೆಗೆ, "ಇವತ್ತು ಏನ್ ಮಾಡಿದೀರಿ ಚಿಕ್ಕಮ್ಮ?" ಎಂದ. ಹೊಸ ವರ್ಷದ ಹಬ್ಬಕ್ಕೆ ಎಂಟೇ ದಿನ ಉಳಿದು ವ್ಯಾಪಾರದ ಹೊತ್ತಾಗಿದ್ದರೂ ಇಂದು ನಾನು ಅಂಗಡಿ ತೆಗೆದಿಲ್ಲ. ಪಾಲಕ್, ಬೀನ್ಸ್ ಮೊಳಕೆ, ಮೀನಿನ ಬೋಂಡ, ಹುರಿದ ಕುಂಬಳ ಎಂದು ಹೇಳಿದೆ. ಆ ಪಟ್ಟಿ ಪೂರ್ತಿ ಸುಳ್ಳು. ಗುಂಡಿ ಗೊತ್ತಿಲ್ಲವೆಂದ ನಾಟಕ ಬಿಟ್ಟರೆ ಇಂದು ನಾನು ಹೇಳಿದ ಸುಳ್ಳು ಅದೊಂದೇ, ಅದನ್ನೂ ನಮೂದಿಸಬೇಕು. ಕರೆ 3-19ಕ್ಕೆ ಮುಗಿಯಿತು.

ತಾಯಿ ಬಾಯಿಂದ ಮಫ್ಲರ್ ತೆಗೆದರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ದೋ ಅವರ ಕಡೆ ತಿರುಗಿ, "ಅವನಿಗೆ ನೆಗಡಿ ಆಗಿದೆ. ಬರ್ಕೊಳ್ಳಿ" ಎಂದರು. ದೋ ಅವರು ಬರೆದುಕೊಂಡರು. ಆಮೇಲೆ ಕಾಣೆಯಾದವರ ಅರ್ಜಿಯನ್ನು ತಾಯಿಯೇ ತುಂಬಿದರು. ಎತ್ತರ, ತೂಕ, ಎಡಗಿವಿಯ ಹಿಂದಿನ ಮಚ್ಚೆ ಎಲ್ಲವನ್ನೂ ಬರೆದು, ತೂಕವನ್ನು ಹೊಡೆದು, ಅದರ ಜಾಗದಲ್ಲಿ ಗೊತ್ತಿಲ್ಲ ಎಂದು ಬರೆದರು.

ಶಿಕ್ಷೆಯಾಗಬೇಕೆಂದು ಬಯಸುತ್ತೀರಾ ಎಂದು ಕೊನೆಯಲ್ಲಿ ನಿಯಮದಂತೆ ನನ್ನನ್ನು ಕೇಳಿದರು. ನನ್ನ ಹತ್ತು ಲಕ್ಷಕ್ಕೆ ಯೊಮ್ ಮಿನ್‌ಗ್ಯುಗೆ ಯಾವ ಶಿಕ್ಷೆಯೂ ಬೇಡ. ಬೇರೆಯವರ ಹಣಕ್ಕೆ ಉತ್ತರ ಹೇಳಬೇಕಾದರೆ ಅವನೇ ಇಲ್ಲಿ ನಿಂತು ಹೇಳಲಿ. ಅದಕ್ಕೂ ಅವನು ಮೊದಲು ಇಲ್ಲಿಗೆ ಬರಬೇಕು.

ನಂತರ ಈ ಹೇಳಿಕೆಯನ್ನು ಓದಿ ಹೇಳಿದರು. ಹುಡುಗನ ಹೆಸರು ಬರಬೇಕಾದ ಜಾಗದಲ್ಲೆಲ್ಲ ಆರೋಪಿ ಎಂದು ಬರೆದಿತ್ತು. "ಆರೋಪಿ ಎರಡು ಸಲ ಸೀನಿದ" ಎಂಬಲ್ಲಿಗೆ ಬಂದಾಗ ತಾಯಿ ತಲೆ ತಗ್ಗಿಸಿದರು. ಅದನ್ನು ಹೊಡೆದು ಹೆಸರು ಬರೆಯದಿದ್ದರೆ ಸಹಿ ಮಾಡುವುದಿಲ್ಲ ಎಂದೆ. ಹೇಳಿಕೆಯಲ್ಲಿ ಹಾಗೆಯೇ ಬರೆಯುವುದು ಪದ್ಧತಿ ಎಂದು ದೋ ಅವರು ವಿವರಿಸಿದರು.

"ಕಾನೂನು ಏನ್ ಕರೆಯುತ್ತೋ ಅವನು ಬಂದ್ಮೇಲೆ ಕರೀಲಿ ಇನ್ಸ್‌ಪೆಕ್ಟ್ರೇ. ಇದು ನನ್ನ ಹೇಳಿಕೆ. ನಾನು ಯಾವತ್ತೂ ಅವನನ್ನ ಆರೋಪಿ ಅಂದಿಲ್ಲ."

"ತಿದ್ದಿದ ಒಂದೊಂದು ಕಡೆನೂ ಹೆಬ್ಬೆಟ್ಟು ಒತ್ಬೇಕಾಗುತ್ತೆ ಅಮ್ಮಾ. ಹತ್ತು ಕಡೆ ಇದೆ."

"ಒತ್ತೋಣ. ಹೆಬ್ಬೆಟ್ಟೇನು ಸವೆಯುತ್ತಾ?"

ಅವರು ಅಧಿಕಾರದ ಬಿಗುಮುಖ ಬಿಟ್ಟು ನಕ್ಕು, ಒಂದೊಂದಾಗಿ ಹೊಡೆದು, ಕೈಬರಹದಲ್ಲಿ ಯೊಮ್ ಮಿನ್‌ಗ್ಯು ಎಂದು ಬರೆದರು. ನಾನು ಕೆಂಪು ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಪಕ್ಕದಲ್ಲಿ ಒತ್ತುತ್ತಾ ಹೋದೆ.

ಮೇಲೆ ಹೇಳಿದ್ದರಲ್ಲಿ ನಾನೇ ಒಪ್ಪಿಕೊಂಡ ಒಂದು ಸುಳ್ಳನ್ನು ಬಿಟ್ಟು ಉಳಿದದ್ದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ. ಓದಿ ಹೇಳಿದ್ದನ್ನು ಪೂರ್ತಿ ಕೇಳಿ ಸಹಿ ಮಾಡಿದ್ದೇನೆ. ತಿದ್ದಿದ ಹತ್ತು ಜಾಗಗಳಲ್ಲಿ ಒಂಬತ್ತರ ಹೆಬ್ಬೆಟ್ಟು ನನ್ನದು. ಹತ್ತನೆಯದು, ಸೀನಿದ ಎಂಬ ಸಾಲಿನ ಹತ್ತಿರದ್ದು, ಅವನ ತಾಯಿಯದು. ಯಾರೂ ಹೇಳದೆ ಅವರೇ ಶಾಯಿ ಮುಟ್ಟಿ ಮಗನ ಹೆಸರಿನ ಮೇಲೆಯೇ ಒತ್ತಿದರು. ಅದು ಕ್ರಮವಲ್ಲವೆಂದು ಇನ್‌ಸ್ಪೆಕ್ಟರ್ ದೋ ಹೇಳಿದರು, ಆದರೆ ಒರೆಸಲಿಲ್ಲ.

ಸ್ಥಳ: ಡೇಜಿಯಾನ್
ದಿನಾಂಕ: 21-01-2025, ಸಂಜೆ 5-25
ಸಹಿ: ಬಾಂಗ್ ಒಕ್‌ಸುನ್
ನನ್ನ ಸಮಕ್ಷಮ ಬರೆದುಕೊಂಡು ಓದಿ ಹೇಳಲಾಯಿತು: ದೋ ಸೊನ್‌ಮಿ, ಇನ್‌ಸ್ಪೆಕ್ಟರ್